ಜಿರಾಫೆಯ ನೆಟಿಗೆ

ಜಿರಾಫೆಯ ಕತ್ತಿನ ನೆಟಿಗೆ ತೆಗೆಯುವ ವಿಡಿಯೊ ನೀವೂ ನೋಡಿರುತ್ತೀರಿ. ಅಮೆರಿಕದ ಒಕ್ಲಹೋಮಾದ್ದು. ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೇ ನಾಲ್ಕು ಸಲ ಬಂತು, ಕಣ್ಣೀರಿನ ಎಮೋಜಿಗಳ ಸಮೇತ.

ಜಿರಾಫೆಯ ಅಷ್ಟುದ್ದ ಕತ್ತಿನಲ್ಲಿರುವುದು ಏಳೇ ಮೂಳೆ. ನನ್ನ ಕತ್ತಿನಲ್ಲೂ ಏಳು, ಇಲಿಯ ಕತ್ತಿನಲ್ಲೂ ಏಳು. ಹಾಗಾಗಿ ಮುಂದಿನ ಗಿರಾಕಿ ಇಲಿಯೇ ಇರಬಹುದು. ಫೀಸು ಮಾತ್ರ ಮೂಳೆ ಲೆಕ್ಕದಲ್ಲಿ ಬೇಡ, ಅಡಿ ಲೆಕ್ಕದಲ್ಲಿ ಹಾಕಲಿ. ಇಲಿಗೂ ಸಂಸಾರ ಇರುತ್ತೆ.

ಹೀಗೆ ಕತ್ತು, ಬೆನ್ನಿನ ಮೂಳೆ ಒತ್ತಿ ಲಟಕ್ ಅನ್ನಿಸುವ ಚಿಕಿತ್ಸೆಗೆ ಕೈರೋಪ್ರಾಕ್ಟಿಕ್ ಎಂದು ಹೆಸರು. ಡಲ್ಲಾಸ್‌ನಲ್ಲಿರುವ ನಮ್ಮ ಅಕ್ಕನ ಮಗ ತನ್ನ ಲ್ಯಾಬ್ರಡಾರ್ ನಾಯಿಯನ್ನು ತಿಂಗಳಿಗೊಮ್ಮೆ ಇದಕ್ಕೆ ಕರೆದುಕೊಂಡು ಹೋಗುತ್ತಾನೆ. "ಅದಕ್ಕೇನಾಗಿದೆಯೋ?" ಎಂದು ಕೇಳಿದೆ. "ಏನೂ ಆಗಿಲ್ಲ ಮಾಮ, ಮೇಂಟೆನೆನ್ಸ್" ಎಂದ. ಸರಿ, ನಾಲ್ಕು ಕಾಲಿದೆಯಲ್ಲ, ವೀಲ್ ಅಲೈನ್‌ಮೆಂಟ್ ಬೇಕೇ ಬೇಕು. ಇತ್ತ ಅಕ್ಕನಿಗೆ ಎರಡು ವರ್ಷದಿಂದ ಮಂಡಿನೋವು. ಅವಳಿಗೆ ಅವನು ಫೋನಿನಲ್ಲಿ ಹೇಳುವುದು ಒಂದೇ ಮಾತು: "ವಾಕಿಂಗ್ ಮಾಡಮ್ಮ."

ಈ ವಿದ್ಯೆಯ ಮೂಲಪುರುಷ ಡೇನಿಯಲ್ ಡೇವಿಡ್ ಪಾಮರ್. ಒಂದು ಕಾಲಕ್ಕೆ ದಿನಸಿ ಅಂಗಡಿ ಇಟ್ಟಿದ್ದ. ಆಮೇಲೆ ಅಂಗೈಯ ಅಯಸ್ಕಾಂತ ಶಕ್ತಿಯಿಂದ ರೋಗ ವಾಸಿ ಮಾಡುತ್ತೇನೆ ಎಂದು ಹೊರಟ. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ, ತನ್ನ ಕಟ್ಟಡ ಗುಡಿಸುವವನ ಬೆನ್ನು ಒತ್ತಿ, ಅವನ ಕಿವುಡು ಹೋಯಿತು ಎಂದ. ಕಿವಿಯ ನರ ಬೆನ್ನಿನ ಕಡೆ ಇಳಿಯುವುದೇ ಇಲ್ಲ, ಇರಲಿ ಬಿಡಿ. ನೂರಕ್ಕೆ 95 ಕಾಯಿಲೆಗೆ ಜರುಗಿದ ಬೆನ್ನುಮೂಳೆಯೇ ಕಾರಣ ಎಂದು ಬರೆದ. ಇದನ್ನೆಲ್ಲ ಹೇಳಿಕೊಟ್ಟಿದ್ದು ಸತ್ತುಹೋದ ಒಬ್ಬ ಡಾಕ್ಟರ ಆತ್ಮ ಎಂದೂ ಹೇಳಿಕೊಂಡ. 1906ರಲ್ಲಿ ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲು ನೋಡಿ ಬಂದ. ನಮ್ಮಲ್ಲಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ವರ್ಷಕ್ಕೊಂದು ಆರಾಧನೆ ನಡೆಯುತ್ತಿತ್ತು.

ಹಾಗಂತ ನಮ್ಮ ಊರೇನು ಹಿಂದೆ ಬಿದ್ದಿರಲಿಲ್ಲ. ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕುತ್ತಿದ್ದರು. ಅವರು ಬೆನ್ನಿಗೆ ಮೂರು ಸಲ ಒದ್ದರೆ ಉಳುಕು ಬಿಟ್ಟಿತು ಅಂತ ಲೆಕ್ಕ. ನಮ್ಮ ಬೀದಿಯಲ್ಲಿ ಹಾಗೆ ಹುಟ್ಟಿದ ಅಜ್ಜಿಯೊಬ್ಬರಿದ್ದರು. ಫೀಸು ಎರಡು ಎಲೆ, ಒಂದು ಅಡಿಕೆ. ಊರಿನ ಗೌಡರಿಗೂ ಒದ್ದಿದ್ದರು, ಆ ದಿನ ಸ್ವಲ್ಪ ಜಾಸ್ತಿ ಜೋರಾಗಿಯೇ ಒದ್ದರು ಅಂತ ಸುದ್ದಿ. ಆದರೆ ಎತ್ತು ಕುಂಟಿದರೆ ಮಾತ್ರ ಅಜ್ಜಿ ಕಾಲು ಎತ್ತುತ್ತಿರಲಿಲ್ಲ. "ದನದ ಡಾಕ್ಟರನ್ನ ಕರ್ಕೊಂಡು ಬಾರೋ. ಅದಕ್ಕೆ ಬಾಯಿ ಬರಲ್ಲ. ನಾನು ಒದ್ದು ಇನ್ನೇನೋ ಆದ್ರೆ ಯಾರ ಹತ್ರ ಹೇಳ್ಕೊಳ್ಳುತ್ತೆ?"

ಬಾಯಿ ಬರಲ್ಲ, ಅದೇ ಈ ದಂಧೆಗೆ ಬಂಡವಾಳ. ಗುಣ ಆಯ್ತಾ ಅಂತ ನಾಯಿಯನ್ನು ಯಾರೂ ಕೇಳುವುದಿಲ್ಲ, ಡಾಲರ್ ಎಣಿಸಿಕೊಟ್ಟ ಯಜಮಾನನನ್ನು ಕೇಳುತ್ತಾರೆ. ಅವನು ಆಗಿಲ್ಲ ಅಂತಾನಾ? ಕುಂಟುವ ನಾಯಿಗಳಿಗೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು ನೋಡಿದ್ದಾರೆ. ಸಾಕಿದವರಷ್ಟೇ ಅಲ್ಲ, ಪಶುವೈದ್ಯರ ಕಣ್ಣಿಗೂ ಎಷ್ಟೋ ನಾಯಿಗಳು ಚೇತರಿಸಿಕೊಂಡ ಹಾಗೆ ಕಂಡವು. ಕಾಲೂರುವಾಗ ಬೀಳುವ ಭಾರ ಅಳೆಯುವ ಯಂತ್ರ ಮಾತ್ರ ಒಪ್ಪಲಿಲ್ಲ. ಅದಕ್ಕೆ ನಾಯಿಯ ಮೇಲೆ ಪ್ರೀತಿ ಇಲ್ಲ ನೋಡಿ.

ಡ್ಯಾಶ್‌ಹಂಡ್ ಅಂತ ಉದ್ದ ಬೆನ್ನಿನ ನಾಯಿ ಇದೆಯಲ್ಲ, ಅದರ ಡಿಸ್ಕ್ ಜಾರಿ ಹಿಂಗಾಲು ಬಿದ್ದುಹೋದರೆ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತೆ. ಸ್ಕ್ಯಾನ್ ಬೇಕು, ಎಷ್ಟೋ ಸಲ ಆಪರೇಷನ್ನೇ ಬೇಕು. ಅಂಥ ಬೆನ್ನನ್ನು ಮೈಕ್ ಹತ್ತಿರ ಹಿಡಿದು ಲಟಕ್ ಅನ್ನಿಸುತ್ತಾರೆ, ಲೈಕಿಗೋಸ್ಕರ. ಇದನ್ನು ನೋಡಿ ನನಗೆ ನಗಲು ಆಗುತ್ತಿಲ್ಲ. ಸುಸ್ತಾಗಿದೆ.

ಮೊನ್ನೆ ಅಕ್ಕನ ಮಗ ಮತ್ತೆ ಫೋನ್ ಮಾಡಿದ್ದ. ನೆಟಿಗೆ ತೆಗೆಯುವ ಆ ಟೇಬಲ್ ನೋಡಿದ ತಕ್ಷಣ ಅವನ ನಾಯಿ ಆಕಳಿಸುತ್ತದಂತೆ, ತುಟಿ ನೆಕ್ಕಿಕೊಳ್ಳುತ್ತದಂತೆ.

"ಎಷ್ಟು ರಿಲ್ಯಾಕ್ಸ್ ಆಗ್ತಾನೆ ಗೊತ್ತಾ ಮಾಮ!"

"ನಾಯಿ ಹೆದರಿದಾಗಲೂ ಹಾಗೇ ಮಾಡುತ್ತೆ ಕಣೋ" ಎಂದೆ.

ಅವನಿಗೆ ಇನ್ನೊಂದು ಕಾಲ್ ಬಂತು.