ಮಗಳ ರಿಪೋರ್ಟಿನಲ್ಲಿ ಟೆಸ್ಟೋಸ್ಟಿರಾನ್

ಹೆಣ್ಣಿನ ಮೈಯಲ್ಲಿ, ಗಂಡಸರ ಹಾರ್ಮೋನ್ ಅನ್ನಿಸಿಕೊಂಡ ಟೆಸ್ಟೋಸ್ಟಿರಾನ್ ಇರೋದು ರೋಗ ಅಲ್ಲ. ಅದಿಲ್ಲದಿದ್ರೆ ಹೆಣ್ಣಿನ ಹಾರ್ಮೋನ್ ಅನ್ನೋ ಈಸ್ಟ್ರೋಜನ್ನೂ ಇರ್ತಿರಲಿಲ್ಲ.

ಹಾಸನದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಮೊನ್ನೆ ಒಬ್ಬರು ತಾಯಿ ರಿಪೋರ್ಟನ್ನ ಅರ್ಧ ಮಡಚಿ, ಪಕ್ಕದಲ್ಲೇ ನಿಂತಿದ್ದ ಮಗಳಿಗೆ ಕಾಣದ ಹಾಗೆ ಹಿಡ್ಕೊಂಡು, "ಮೇಡಂ, ಇದು ಗಂಡಸ್ರಿಗೆ ತಾನೆ ಇರೋದು? ನಮ್ಮ ಹುಡುಗಿಗ್ಯಾಕೆ ಬಂತು?" ಅಂತ ಪಿಸುಗುಟ್ಟಿದ್ರು. ಹುಡುಗಿಯ ನಂಬರ್ ನಾರ್ಮಲ್ ರೇಂಜಿನ ಒಳಗೇ ಇತ್ತು! ಕೌಂಟರಿನಲ್ಲಿ ವಿವರಿಸೋಣ ಅಂದ್ರೆ ಹಿಂದೆ ಕ್ಯೂ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಅಂಡಾಶಯದಲ್ಲಿ ಒಂದೊಂದು ಅಂಡಾಣುವಿನ ಸುತ್ತಲೂ ಫಾಲಿಕಲ್ ಅನ್ನೋ ಚೀಲ ಇರುತ್ತೆ. ಅದರ ಹೊರಪದರದ ಥೀಕಾ ಕೋಶಗಳು, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರೋ ಎಲ್‌ಎಚ್ ಅನ್ನೋ ಹಾರ್ಮೋನ್ ಹೇಳಿದಂತೆ ಆಂಡ್ರೋಜನ್ (ಟೆಸ್ಟೋಸ್ಟಿರಾನ್ ಸೇರಿರೋ ಹಾರ್ಮೋನ್ ಗುಂಪು) ತಯಾರಿಸ್ತವೆ. ಒಳಪದರದ ಗ್ರಾನುಲೋಸಾ ಕೋಶಗಳು ಅದೇ ಗ್ರಂಥಿಯ ಇನ್ನೊಂದು ಹಾರ್ಮೋನ್ ಎಫ್‌ಎಸ್‌ಎಚ್ ಬಲದಿಂದ, ಅರೊಮಟೇಸ್ ಅನ್ನೋ ಕಿಣ್ವ ಹಿಡಿದು, ಅದನ್ನೇ ಈಸ್ಟ್ರೋಜನ್ ಮಾಡ್ತವೆ.

ಹಾಗಾದ್ರೆ ಆಂಡ್ರೋಜನ್ ಬರೀ ಕಚ್ಚಾ ಮಾಲಾ? ಇದಕ್ಕೆ ಉತ್ತರ ಸಿಕ್ಕಿದ್ದು ಕೋತಿಗಳಿಂದ. ಪ್ರಯೋಗಕ್ಕೆ ಬಳಸೋ ಇಲಿಯ ಋತುಚಕ್ರ ನಾಲ್ಕೈದು ದಿನದ್ದು, ಮುಟ್ಟೂ ಇಲ್ಲ. ರೀಸಸ್ ಕೋತಿಗೆ ನಮ್ಮ ಹಾಗೇ ಸುಮಾರು 28 ದಿನದ ಚಕ್ರ. (ಶಿರಾಡಿ ಘಾಟಿಯಲ್ಲಿ ಕಾರಿನ ಮೇಲೆ ಹತ್ತಿ ಕೂರ್ತಾವಲ್ಲ, ಅವುಗಳ ಉತ್ತರದ ನೆಂಟ ಇದು.) 1998ರಲ್ಲಿ ಅಮೆರಿಕದ ವಿಜ್ಞಾನಿಗಳು ಹೆಣ್ಣು ರೀಸಸ್‌ಗಳಿಗೆ ಟೆಸ್ಟೋಸ್ಟಿರಾನ್ ಕೊಟ್ಟು ನೋಡಿದಾಗ ಎಳೆಯ ಫಾಲಿಕಲ್‌ಗಳ ಸಂಖ್ಯೆ ಏರಿತ್ತು. ಅದು ಈಸ್ಟ್ರೋಜನ್ ಆಗಿ ಬದಲಾಗಿ ಕೆಲಸ ಮಾಡಿರಬಹುದಲ್ಲ ಅನ್ನೋ ಅನುಮಾನಕ್ಕೆ, ಈಸ್ಟ್ರೋಜನ್ ಆಗೋಕೇ ಸಾಧ್ಯವಿಲ್ಲದ ಡೈಹೈಡ್ರೋಟೆಸ್ಟೋಸ್ಟಿರಾನ್ ಅನ್ನೋ ಇನ್ನೊಂದು ಆಂಡ್ರೋಜನ್ ಕೂಡ ಕೊಟ್ರು. ಫಾಲಿಕಲ್‌ಗಳು ಆಗಲೂ ಹೆಚ್ಚಿದವು. ಅಂದ್ರೆ ಕೆಲಸ ಆಂಡ್ರೋಜನ್ನಿನದ್ದೇ. ಈ ಎರಡನೇ ಪರೀಕ್ಷೆಯ ಜಾಣತನ ನನಗೆ ಬಹಳ ಇಷ್ಟ.

ಆದ್ರೆ ಸಕಲೇಶಪುರದ ಕಾಫಿ ತೋಟದವರನ್ನ ಕೇಳಿ. ಮಾರ್ಚಿನ ಹೂಮಳೆ ಬೇಕೇ ಬೇಕು. ಅದೇ ಮಳೆ ಕೊಯ್ಲಿನ ಹೊತ್ತಿಗೆ ಬಿದ್ರೆ ಹಣ್ಣೂ ಉದುರುತ್ತೆ, ಅಕಾಲಕ್ಕೆ ಹೂವೂ ಅರಳುತ್ತೆ. ಆಂಡ್ರೋಜನ್ನೂ ಹಾಗೇ. ಮಿತಿ ಮೀರಿದಾಗ ಸಣ್ಣ ಫಾಲಿಕಲ್‌ಗಳು ಗುಂಪುಗೂಡಿ ಅರ್ಧಕ್ಕೇ ನಿಲ್ತವೆ, ಅಂಡಾಣು ಹೊರಗೆ ಬರಲ್ಲ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದರೆ) ಸ್ಕ್ಯಾನಿನಲ್ಲಿ 'ನೀರುಗುಳ್ಳೆ' ಅಂತ ಹೆದರಿಸೋದು ಇವುಗಳನ್ನೇ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ಇನ್ನೊಂದು ಕೆಲಸ ನೋಡಿ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಹೆಚ್ಚು ಟೆಸ್ಟೋಸ್ಟಿರಾನ್ ತಾಗಿದ ಹೆಣ್ಣು ರೀಸಸ್ ಮರಿಗಳಲ್ಲಿ, ದೊಡ್ಡವಾದ ಮೇಲೆ ಪಿಸಿಓಎಸ್‌ನಲ್ಲಿ ಕಾಣೋ ಹಾಗೇ ಚಕ್ರದ ಏರುಪೇರು, ಇನ್ಸುಲಿನ್ ತೊಂದರೆ ಕಾಣಿಸಿಕೊಂಡವು. ಮನುಷ್ಯರಿಗೆ ಇದನ್ನ ಹಾಗೇ ಅಂಟಿಸೋಕಾಗಲ್ಲ ನಿಜ. ಆದ್ರೆ "ಬೇಕರಿ ತಿಂಡಿ ತಿಂದೇ ಹಿಂಗಾಯ್ತು" ಅಂತ ಮಗಳನ್ನ ಬೈಯೋ ಮೊದಲು ಒಂದು ಕ್ಷಣ ತಡೀರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರಿಗೆ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಹತ್ತು ಜನಕ್ಕೆ ಪಿಸಿಓಎಸ್ ಇರುತ್ತೆ.

ಇನ್ನೊಂದು ಕಡೆ, "ಆಂಡ್ರೋಜನ್ ಅಂಡಾಣುವಿಗೆ ಒಳ್ಳೇದಂತೆ" ಅಂತ ಡಿಎಚ್‌ಇಎ (ಮೈಯೊಳಗೆ ಆಂಡ್ರೋಜನ್ ಆಗಿ ಬದಲಾಗೋ ಹಾರ್ಮೋನ್) ಮಾತ್ರೆಯನ್ನ ಆನ್‌ಲೈನಲ್ಲಿ ತರಿಸಿ ನುಂಗೋರು ಶುರುವಾಗಿದ್ದಾರೆ. ಐವಿಎಫ್‌ (ಪ್ರನಾಳ ಶಿಶು) ಚಿಕಿತ್ಸೆಯಲ್ಲೇ ಇದರ ಬಗ್ಗೆ ವೈದ್ಯರಿಗೆ ಒಮ್ಮತ ಇಲ್ಲ. ಪಿಸಿಓಎಸ್ ಇದ್ದೋರು ನುಂಗಿದ್ರಂತೂ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ.

ರಿಪೋರ್ಟಿನ ನಂಬರ್ ಸ್ವಲ್ಪ ಹೆಚ್ಚಿದ್ರೆ ಗಾಬರಿ ಬೇಡ, ಸ್ತ್ರೀರೋಗ ತಜ್ಞರಿಗೆ ತೋರಿಸಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಹಾಲು ಬರಿಸೋ ಹಾರ್ಮೋನ್) ಕೂಡ ನೋಡ್ತಾರೆ. ಆದ್ರೆ ಕೆಲವೇ ತಿಂಗಳಲ್ಲಿ ದನಿ ಗಡಸಾಗಿ, ಮುಖದ ಮೇಲೆ ಕೂದಲು ದಟ್ಟವಾಗಿ ಬರೋಕೆ ಶುರುವಾದ್ರೆ ಒಂದು ವಾರವೂ ಕಾಯಬೇಡಿ. ಅಂಡಾಶಯದಲ್ಲೋ ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿಯಲ್ಲೋ ಗಡ್ಡೆ ಇರಬಹುದು.