ಯುದ್ಧಕ್ಕೂ ನಿಯಮ ಇದೆ, ಅದನ್ನು ಮಕ್ಕಳಿಗೆ ಹೇಳಿ

ಮೊನ್ನೆ ಹಾಸನದ ಒಂದು ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಇತ್ತು. ವಿಷಯ: ಯುದ್ಧ ಮತ್ತು ಮಾನವ ಹಕ್ಕು. ಒಬ್ಬ ಹುಡುಗ ತುಂಬಾ ಚೆನ್ನಾಗಿ ಮಾತಾಡಿದ. ಒಳ್ಳೆ ದನಿ, ಒಳ್ಳೆ ಕನ್ನಡ. ಕೊನೆಗೆ ಮೇಜು ಕುಟ್ಟಿ, "ಯುದ್ಧದಲ್ಲಿ ನಿಯಮ ಅನ್ನೋದೇ ಇಲ್ಲ, ಶತ್ರುವಿಗೆ ಹಕ್ಕು ಅನ್ನೋದೂ ಇಲ್ಲ" ಅಂದ. ಸಿಳ್ಳೆ, ಚಪ್ಪಾಳೆ. ಮೊದಲ ಬಹುಮಾನವೂ ಅವನಿಗೇ ಬಂತು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಇನ್ನೂ ಕಲಿಯುವ ವಯಸ್ಸು. ಸಿಟ್ಟು ಬಂದಿದ್ದು ವೇದಿಕೆ ಮೇಲಿದ್ದ ದೊಡ್ಡವರ ಮೇಲೆ. ಒಬ್ಬರಾದರೂ "ಇಲ್ಲಪ್ಪ, ನಿಯಮ ಇದೆ, ಅದಕ್ಕೆ ನಮ್ಮ ದೇಶವೂ ಸಹಿ ಹಾಕಿದೆ" ಅನ್ನಬಾರದಿತ್ತಾ?

ನಮ್ಮಪ್ಪ ಸೇನೆಯಲ್ಲಿದ್ದರು ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. 1971ರ ಯುದ್ಧ ಮುಗಿದ ಮೇಲೆ ಅವರನ್ನು ರಾಂಚಿಯ ಯುದ್ಧಕೈದಿಗಳ ಕ್ಯಾಂಪಿಗೆ ಕಾವಲಿಗೆ ಹಾಕಿದ್ದರು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ಆದ ಮೇಲೆ ಸುಮಾರು 93,000 ಪಾಕಿಸ್ತಾನಿಗಳು ನಮ್ಮ ವಶಕ್ಕೆ ಬಂದಿದ್ದರು. ಅದರಲ್ಲಿ ಸೈನಿಕರಲ್ಲದವರೂ ಇದ್ದರು. ಆವತ್ತು ಪಾಕಿಸ್ತಾನದ ಸೇನಾಧಿಕಾರಿ ನಿಯಾಜಿ ಮತ್ತು ನಮ್ಮ ಸೇನಾಧಿಕಾರಿ ಅರೋರಾ ಸಹಿ ಹಾಕಿದ ಶರಣಾಗತಿ ಪತ್ರ ತೀರಾ ಚಿಕ್ಕದು. ಅಷ್ಟು ಚಿಕ್ಕ ಪತ್ರದಲ್ಲೂ ಒಂದು ಮಾತು ಬರೆದಿದೆ. ಶರಣಾದವರನ್ನು ಜಿನೀವಾ ಒಪ್ಪಂದದ (ಯುದ್ಧದಲ್ಲಿ ಗಾಯಾಳುಗಳನ್ನು, ಕೈದಿಗಳನ್ನು, ನಾಗರಿಕರನ್ನು ಹೇಗೆ ನೋಡಿಕೊಳ್ಳಬೇಕು ಅಂತ ದೇಶಗಳು ಒಪ್ಪಿಕೊಂಡ ನಿಯಮಗಳು) ಪ್ರಕಾರ, ಸೈನಿಕರಿಗೆ ಸಲ್ಲಬೇಕಾದ ಗೌರವದಿಂದ ನೋಡಿಕೊಳ್ಳುತ್ತೇವೆ ಅಂತ. ಗೆದ್ದವರು ಸೋತವರಿಗೆ ಕೊಟ್ಟ ಮಾತು ಅದು. ಪೂರ್ವ ಬಂಗಾಳದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ, ಪಾಕಿಸ್ತಾನಿ ಸೇನೆ ಏನೆಲ್ಲಾ ಮಾಡಿತ್ತು ಅಂತ ಗೊತ್ತಿದ್ದೂ ಕೊಟ್ಟ ಮಾತು.

ಅಪ್ಪನಿಗೆ ಮೊದಮೊದಲು ಹೊಟ್ಟೆ ಉರಿಯುತ್ತಿತ್ತಂತೆ. ಜೊತೆಗಿದ್ದವರನ್ನು ಕೊಂದವರಿಗೆ ಮೂರು ಹೊತ್ತು ಊಟ, ಔಷಧಿ, ಹೊದಿಕೆ ಕೊಡಬೇಕಲ್ಲ ಅಂತ. ಆದರೂ ಕೊಟ್ಟರು. ಕೈದಿಗಳಿಗೆ ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡು ಬರೆಯಲು ಬಿಡಬೇಕು ಅಂತ ಒಪ್ಪಂದದಲ್ಲೇ ಇದೆ. ಆ ಪತ್ರಗಳ ಕಟ್ಟು ಹೊರುವಾಗ ತನಗೆ ಅರಕಲಗೂಡಿನ ಮನೆ ನೆನಪಾಗುತ್ತಿತ್ತು ಅಂತ ಅಪ್ಪ ಹೇಳುತ್ತಿದ್ದರು. ಅವರಿಗೆ ನಿಯಮ ಅಂದರೆ ದಿನಾ ಮಾಡುವ ಕೆಲಸ ಆಗಿತ್ತು, ಭಾಷಣ ಅಲ್ಲ. ಅದಕ್ಕೇ "ನಿಯಮವೇ ಇಲ್ಲ" ಅನ್ನೋದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಅಪ್ಪನ ಆ ದಿನಗಳನ್ನೇ ಸುಳ್ಳು ಅಂದ ಹಾಗೆ ಆಗುತ್ತದೆ.

ಈ ನಿಯಮದಿಂದ ಲಾಭ ಶತ್ರುವಿಗೆ ಮಾತ್ರ ಅಂದುಕೊಂಡಿದ್ದೀರಾ? 1999ರಲ್ಲಿ ಕಾರ್ಗಿಲ್ ಯುದ್ಧದ ಹೊತ್ತಿಗೆ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಪಾಕಿಸ್ತಾನದ ಕೈಗೆ ಸಿಕ್ಕರು. ವಾರದಲ್ಲೇ ರೆಡ್ ಕ್ರಾಸ್ ಮೂಲಕ ವಾಪಸ್ ಬಂದರು. 2019ರ ಫೆಬ್ರವರಿ 27ರಂದು ನಮ್ಮ ವಾಯುಪಡೆಯ ಪೈಲಟ್ ಅಭಿನಂದನ್ ಸಿಕ್ಕರು. ಕಣ್ಣಿಗೆ ಬಟ್ಟೆ ಕಟ್ಟಿ, ಮುಖದಲ್ಲಿ ರಕ್ತ ಇದ್ದ ವಿಡಿಯೋ ನಾವೆಲ್ಲ ನೋಡಿದೆವು. ನಮ್ಮ ಸರ್ಕಾರ ಆಗ ಏನು ಹೇಳಿತು? ಇದು ಜಿನೀವಾ ಒಪ್ಪಂದದ ಉಲ್ಲಂಘನೆ ಅಂತ. ಕೈದಿಯನ್ನು ಅವಮಾನ ಮಾಡಬಾರದು, ಜನರ ಮುಂದೆ ಪ್ರದರ್ಶನಕ್ಕೆ ಇಡಬಾರದು ಅಂತ ಯುದ್ಧಕೈದಿಗಳ ಕುರಿತ ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ ಹೇಳುತ್ತದೆ. ಮಾರ್ಚ್ 1ರ ರಾತ್ರಿ ಅವರು ವಾಘಾ ದಾಟಿ ಬಂದಾಗ ನಮ್ಮ ಬೀದಿಯಲ್ಲೂ ಪಟಾಕಿ ಹೊಡೆದರು. ಆವತ್ತು ಯಾರಾದರೂ "ಯುದ್ಧದಲ್ಲಿ ನಿಯಮ ಇಲ್ಲ, ಅವರೇನು ಬೇಕಾದರೂ ಮಾಡಲಿ" ಅಂದಿದ್ದರೆ ಸುಮ್ನೆ ಇರುತ್ತಿದ್ದಿರಾ?

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು ಪ್ರವಾಸಿಗರನ್ನು ಕೊಂದರಲ್ಲ, ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೇಡು ಬೇಕು ಅಂತ ನನಗೂ ಅನ್ನಿಸಿತ್ತು, ಮುಚ್ಚಿಡಲ್ಲ. ಮಾರನೇ ದಿನವೇ ನಮ್ಮ ಬಿಎಸ್ಎಫ್ ಜವಾನರೊಬ್ಬರು ಪಂಜಾಬಿನ ಗಡಿಯಲ್ಲಿ ತಪ್ಪಿ ಆಚೆ ಹೋಗಿ ಪಾಕಿಸ್ತಾನದ ಕೈಗೆ ಸಿಕ್ಕಿಬಿದ್ದರು. ಎರಡೂ ಕಡೆ ಕ್ಷಿಪಣಿ, ಡ್ರೋನ್ ಹಾರಾಡಿದ ದಿನಗಳಲ್ಲಿ ಅವರು ಅಲ್ಲೇ ಇದ್ದರು. ಮೇ 14ಕ್ಕೆ ಅಟ್ಟಾರಿಯಲ್ಲಿ ಒಪ್ಪಿಸಿದರು. ಆ ದಿನಗಳಲ್ಲಿ ಅವರ ಮನೆಯವರ ಸಂಕಟ ಹೇಗಿದ್ದಿರಬೇಕು ಯೋಚಿಸಿ.

ಇದನ್ನು ಹೇಳಿದ ಕೂಡಲೇ ಒಂದು ಹೆಸರು ಬರುತ್ತದೆ. ಕ್ಯಾಪ್ಟನ್ ಸೌರಭ್ ಕಾಲಿಯಾ. 1999ರಲ್ಲಿ ಕಾರ್ಗಿಲ್‌ನಲ್ಲಿ ಅವರನ್ನೂ ಜೊತೆಗಿದ್ದ ಐವರು ಜವಾನರನ್ನೂ ಪಾಕಿಸ್ತಾನದವರು ಹಿಡಿದು ಚಿತ್ರಹಿಂಸೆ ಕೊಟ್ಟು ಕೊಂದರಲ್ಲ, ಅವರು ಪಾಲಿಸದ ನಿಯಮ ನಮಗೇಕೆ ಅಂತ. ಆ ಹೆಸರು ಕೇಳಿದರೆ ನನಗೂ ಗಂಟಲು ಕಟ್ಟುತ್ತದೆ. ಆದರೆ ಅವರ ತಂದೆ ವರ್ಷಗಟ್ಟಲೆ ನ್ಯಾಯಕ್ಕಾಗಿ ಅಲೆದಾಗ ಕೈಯಲ್ಲಿ ಹಿಡಿದಿದ್ದು ಇದೇ ಜಿನೀವಾ ಒಪ್ಪಂದವನ್ನು. ನಿಯಮ ಇಲ್ಲ ಅಂದುಬಿಟ್ಟರೆ ಕಾಲಿಯಾಗೆ ಆಗಿದ್ದು ಅಪರಾಧವೇ ಅಲ್ಲ ಅಂತಾಗುತ್ತದೆ. ಆ ತಂದೆಯ ಕೈ ಬರಿದಾಗುತ್ತದೆ. ಬೇಕಾ ನಿಮಗೆ ಅದು?

ದೊಡ್ಡ ದೇಶಗಳು ಪಾಲಿಸುತ್ತವಾ ಅಂತಲೂ ಕೇಳುತ್ತೀರಿ. ಎಷ್ಟೋ ಸಲ ಪಾಲಿಸುವುದಿಲ್ಲ, ನಿಜ. ಉಕ್ರೇನಿನಲ್ಲಿ ರಷ್ಯಾ ಏನು ಮಾಡಿತು, ಗಾಜಾದಲ್ಲಿ ಎಷ್ಟು ಮಕ್ಕಳು ಸತ್ತರು, 2023ರ ಅಕ್ಟೋಬರ್ 7ರಂದು ಹಮಾಸ್ ಎಷ್ಟು ಜನರನ್ನು ಕೊಂದು, ಎಷ್ಟು ಜನರನ್ನು ಒತ್ತೆಯಾಳಾಗಿ ಎಳೆದುಕೊಂಡು ಹೋಯಿತು, ಎಲ್ಲಾ ನೋಡಿದ್ದೇವೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ದೇಶಗಳ ಕೈಯಲ್ಲಿ ವೀಟೋ, ಅಂದರೆ ನಿರ್ಣಯ ತಡೆಯುವ ಅಧಿಕಾರ ಇದೆ, ತಮ್ಮವರ ವಿಷಯ ಬಂದಾಗ ಅದನ್ನು ಬಳಸುತ್ತಾರೆ. ಆದರೆ ಹಾಸನದಲ್ಲಿ ಕೊಲೆ ಆಯಿತು ಅಂತ ಕೊಲೆಯ ಕಾನೂನು ಕಿತ್ತುಹಾಕಿ ಅಂತ ಯಾರಾದರೂ ಕೇಳುತ್ತಾರಾ? ಅಮೆರಿಕ ಕ್ಯೂಬಾದಲ್ಲಿರುವ ತನ್ನ ಗ್ವಾಂಟನಾಮೋ ಜೈಲಿನಲ್ಲಿ 2002ರಿಂದ ಜನರನ್ನು ಕೂಡಿಹಾಕಿ, ಅಲ್ ಖೈದಾದವರಿಗೆ ಜಿನೀವಾ ಒಪ್ಪಂದ ಅನ್ವಯಿಸುವುದಿಲ್ಲ ಅಂದಿತ್ತು. 2006ರಲ್ಲಿ ಅವರದೇ ಸುಪ್ರೀಂ ಕೋರ್ಟು, ಸೆರೆಸಿಕ್ಕವರನ್ನು ಮಾನವೀಯವಾಗಿ ನೋಡಬೇಕು ಅನ್ನುವ ಒಪ್ಪಂದದ ಮೂರನೇ ವಿಧಿ ಇವರಿಗೂ ಅನ್ವಯಿಸುತ್ತದೆ ಅಂತ ತೀರ್ಪು ಕೊಟ್ಟಿತು. ಬರೆದ ನಿಯಮ ಇದ್ದಿದ್ದಕ್ಕೆ ಆ ತೀರ್ಪು ಬಂತು.

ನಮ್ಮ ದೇಶವನ್ನು ಬರೀ ಹೊಗಳಲೂ ನಾನು ಬಂದಿಲ್ಲ. ಸಕ್ರಿಯ ಯುದ್ಧ ಮುಗಿದ ಮೇಲೆ ಕೈದಿಗಳನ್ನು ತಡಮಾಡದೆ ಕಳಿಸಬೇಕು ಅಂತ ಅದೇ ಮೂರನೇ ಜಿನೀವಾ ಒಪ್ಪಂದದ 118ನೇ ವಿಧಿ ಇದೆ. 1971ರ ಕೈದಿಗಳು ಪೂರ್ತಿ ವಾಪಸ್ ಹೋಗಿದ್ದು 1974ರಲ್ಲಿ. ಬಾಂಗ್ಲಾದೇಶಕ್ಕೆ ಮಾನ್ಯತೆ, ಯುದ್ಧಾಪರಾಧಿಗಳ ವಿಚಾರಣೆ, ಇದೆಲ್ಲ ಮಧ್ಯೆ ಬಂದಿತ್ತು. 1973ರಲ್ಲಿ ಪಾಕಿಸ್ತಾನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಹೋಗಿತ್ತು, ಆಮೇಲೆ ಕೇಸು ಹಿಂದಕ್ಕೆ ತೆಗೆದುಕೊಂಡಿತು. ತಡ ಆಗಿದ್ದು ನಿಜ, ಅದನ್ನೂ ಮಕ್ಕಳಿಗೆ ಹೇಳಬೇಕು.

ಹೇಳಲು ನಮ್ಮ ಹತ್ತಿರ ಎಷ್ಟೊಂದು ಇದೆ! ಅರಕಲಗೂಡು ದಾಟಿದರೆ ಕೊಡಗು. ಅಲ್ಲಿನ ಸೇನಾಧಿಕಾರಿ ತಿಮ್ಮಯ್ಯನವರು 1953ರಲ್ಲಿ ಕೊರಿಯಾಗೆ ಹೋದರು. ಊರಿಗೆ ವಾಪಸ್ ಹೋಗಲ್ಲ ಅಂತ ಕೂತಿದ್ದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ವಿಷಯ ನೋಡಿಕೊಳ್ಳುವ ಆಯೋಗದ ಅಧ್ಯಕ್ಷರಾಗಿ. ಎರಡೂ ಕಡೆಯ ಸಿಟ್ಟು ಸಹಿಸಿಕೊಂಡು ಆ ಕೆಲಸ ಮಾಡಿದರು. 1965ರಲ್ಲಿ, ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಕಾರ್ಯಪ್ಪನವರ ಮಗನೇ ಪಾಕಿಸ್ತಾನದಲ್ಲಿ ಸೆರೆಯಾದಾಗ, ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಸಹಾಯಕ್ಕೆ ಮುಂದೆ ಬಂದರು. ಅಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಇವನಿಗೊಬ್ಬನಿಗೆ ವಿಶೇಷ ಏನೂ ಬೇಡ ಅಂತ ಕಾರ್ಯಪ್ಪ ಹೇಳಿಕಳಿಸಿದರು. ನಮ್ಮ ಪಕ್ಕದ ಜಿಲ್ಲೆಯ ಈ ಕಥೆಗಳನ್ನು ಒಬ್ಬರೂ ಆ ವೇದಿಕೆಯಲ್ಲಿ ನೆನಪಿಸಲಿಲ್ಲ.

ಇನ್ನೂ ಒಂದು ವಿಷಯ ಹೇಳಿ ನಿಲ್ಲಿಸುತ್ತೇನೆ. 1971ರಿಂದ ಕಾಣೆಯಾದ, ಪಾಕಿಸ್ತಾನದ ಜೈಲುಗಳಲ್ಲಿ ಇರಬಹುದು ಅಂತ ನಂಬಲಾದ ನಮ್ಮ 54 ಯೋಧರ ಪಟ್ಟಿ ಇದೆ. ತಮ್ಮ ಬಳಿ ಅಂಥವರು ಯಾರೂ ಇಲ್ಲ ಅಂತ ಪಾಕಿಸ್ತಾನ ಹೇಳುತ್ತಲೇ ಬಂದಿದೆ. 2007ರಲ್ಲಿ ಆ ಮನೆಗಳವರು ಕೆಲವರು ಅಲ್ಲಿನ ಜೈಲುಗಳಿಗೇ ಹೋಗಿ ಹುಡುಕಿ ಬಂದರು. ಯಾರೂ ಸಿಗಲಿಲ್ಲ. ಹಿಡಿದವರ ಹೆಸರು, ಅವರ ಸ್ಥಿತಿ ಆದಷ್ಟು ಬೇಗ ಆ ಕಡೆಯ ದೇಶಕ್ಕೆ ತಿಳಿಸಬೇಕು ಅಂತ ಮೂರನೇ ಜಿನೀವಾ ಒಪ್ಪಂದದ 122ನೇ ವಿಧಿ 1949ರಲ್ಲೇ ಹೇಳಿದೆ. ಆ ಮನೆಗಳವರು ಇವತ್ತಿಗೂ ಕೇಳುತ್ತಿರುವುದು ಅಷ್ಟನ್ನೇ.