ಇಪ್ಪತ್ತು ಕೆ.ಜಿ. ದುಡ್ಡು

ದುಡ್ಡಿಗೆ ಬೆಲೆ ಇರಬೇಕು ಎಂದು ಎಲ್ಲ ದೇಶಗಳೂ ಹೇಳುತ್ತವೆ. ತೂಕವೂ ಇರಬೇಕು ಎಂದು ಹಟ ಹಿಡಿದದ್ದು ಸ್ವೀಡನ್. 1644ರಲ್ಲಿ, ಕ್ರಿಸ್ಟಿನಾ ರಾಣಿಯ ಕಾಲದಲ್ಲಿ, ಆವೆಸ್ತಾದ ಟಂಕಸಾಲೆಯಿಂದ ಹತ್ತು ದಾಲರ್‌ನ ಹೊಸ ನಾಣ್ಯ ಹೊರಬಂತು. ಅದು ಜೇಬಿಗೆ ಹಾಕುವ ನಾಣ್ಯವಲ್ಲ. ಸುಮಾರು 70 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತಾಮ್ರದ ಹಲಗೆ. ತೂಕ 19.7 ಕೆ.ಜಿ. ನಾಲ್ಕು ಮೂಲೆಗೆ ನಾಲ್ಕು ಮುದ್ರೆ, ನಡುವೆ ಒಂದು. ಯಾರಾದರೂ ಮೂಲೆ ಕತ್ತರಿಸಿಕೊಂಡರೆ ಗೊತ್ತಾಗಬೇಕಲ್ವಾ! ದುಡ್ಡು ಉದುರಿಸಿಕೊಂಡು ಬರುವವರ ಬಗ್ಗೆ ಮಾತ್ರ ಯಾರಿಗೂ ಚಿಂತೆ ಇರಲಿಲ್ಲ. ಬಿದ್ದರೆ ಇಡೀ ಬೀದಿಗೆ ಕೇಳಿಸುತ್ತಿತ್ತು.

ಇದರ ಹಿಂದೆ ಮೂರ್ಖತನ ಇರಲಿಲ್ಲ, ಪಕ್ಕಾ ಲೆಕ್ಕಾಚಾರ ಇತ್ತು. ಅದೇ ತಮಾಷೆ. ಫಾಲುನ್ ಎಂಬಲ್ಲಿ ಸ್ವೀಡನ್ನಿಗೆ ದೊಡ್ಡ ತಾಮ್ರದ ಗಣಿ ಇತ್ತು. ಯುರೋಪಿನ ತಾಮ್ರದ ಬಹುಪಾಲು ಅಲ್ಲಿಂದಲೇ ಹೋಗುತ್ತಿತ್ತು. ಎಲ್ಲವನ್ನೂ ಮಾರಿದರೆ ಪೇಟೆಯಲ್ಲಿ ದರ ಬೀಳುತ್ತದೆ. ಮಾರದಿದ್ದರೆ ಖಜಾನೆಗೆ ಕಾಸಿಲ್ಲ. ಹಾಗಾಗಿ 1624ರಲ್ಲೇ ರಾಜ ಗುಸ್ತಾವ್ ಅಡಾಲ್ಫ್ ತಾಮ್ರದ ನಾಣ್ಯ ಶುರು ಮಾಡಿದ್ದ. ತಾಮ್ರ ಊರಲ್ಲೇ ಉಳಿಯಲಿ, ಹೊರಗೆ ದರ ಏರಲಿ. ಆದರೆ ನಾಣ್ಯದ ಮೇಲೆ ಬರೆದಷ್ಟು ಬೆಲೆಯ ಲೋಹ ಅದರೊಳಗೂ ಇರಬೇಕು ಅನ್ನುವುದು ಆ ಕಾಲದ ಮರ್ಯಾದೆ. ತಾಮ್ರವೋ ಬೆಳ್ಳಿಗಿಂತ ಎಷ್ಟೋ ಪಾಲು ಅಗ್ಗ. ಮರ್ಯಾದೆ ಉಳಿಸಿಕೊಳ್ಳಲು ಹೋಗಿ ನಾಣ್ಯ ಹಲಗೆಯಾಯಿತು.

ಅಂದರೆ ಸರ್ಕಾರಕ್ಕೆ ಗೋದಾಮಿನ ಸಮಸ್ಯೆ ಇತ್ತು. ಅದನ್ನು ಪ್ರಜೆಗಳ ಹೆಗಲಿಗೆ ಹೊರಿಸಿದರು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಹೆಗಲಿಗೇ. ಜನ ದುಡ್ಡನ್ನು ಬೆನ್ನ ಮೇಲೆ, ತಲೆ ಮೇಲೆ ಹೊರುತ್ತಾರೆ, ಜಾಸ್ತಿಯಿದ್ದರೆ ಕುದುರೆ ಗಾಡಿ ಕಟ್ಟುತ್ತಾರೆ ಎಂದು ಡೆನ್ಮಾರ್ಕಿನ ರಾಜತಾಂತ್ರಿಕನೊಬ್ಬ ಊರಿಗೆ ಬರೆದಿದ್ದ. ಇಲ್ಲಿ ಯಾರೂ ಕಳ್ಳರಾಗದಿರಲಿ ಎಂಬುದು ಅವನ ಹಾರೈಕೆ. ಅಕ್ಕಿ ಮೂಟೆಯಷ್ಟು ಭಾರದ ದುಡ್ಡು ಕೊಟ್ಟು ಅಕ್ಕಿ ತರುವ ವ್ಯವಸ್ಥೆಯಲ್ಲಿ ಕಳ್ಳನೂ ಕೂಲಿಯೇ.

ಹತ್ತು ದಾಲರ್ ಹಲಗೆ ಒಂದೆರಡು ವರ್ಷಕ್ಕೇ ನಿಂತಿತು. ಸರಿ, ಬುದ್ಧಿ ಬಂತು ಅಂದುಕೊಳ್ಳಬೇಡಿ. ಆಮೇಲೆ ಬಂದದ್ದು ಎಂಟು ದಾಲರ್ ಹಲಗೆ, ಹದಿನಾಲ್ಕೂವರೆ ಕೆ.ಜಿ. ಜನರ ಕಷ್ಟಕ್ಕೆ ಸರ್ಕಾರ ಐದು ಕೆ.ಜಿ. ಸ್ಪಂದಿಸಿತ್ತು.

ಇಷ್ಟು ಭಾರ ಹೊತ್ತವರ ಮುಂದೆ ಯಾರಾದರೂ ಕಾಗದ ಹಿಡಿದು ನಿಂತರೆ ಅವನು ದೇವರಂತೆ ಕಾಣದೆ ಇರುತ್ತಾನೆಯೇ? ಯೋಹಾನ್ ಪಾಲ್ಮ್‌ಸ್ಟ್ರುಕ್ ಹಾಗೆ ನಿಂತ. 1656ರಲ್ಲಿ ರಾಜನಿಂದ ಅಪ್ಪಣೆ ಪಡೆದು ಸ್ಟಾಕ್‌ಹೋಮ್ಸ್ ಬ್ಯಾಂಕೊ ಕಟ್ಟಿದ. ಜನ ಹಲಗೆ ತಂದಿಟ್ಟರು. ಅವನು ಅದನ್ನೇ ಸಾಲ ಕೊಟ್ಟ. 1660ರಲ್ಲಿ ಸರ್ಕಾರ ಹೊಸ ಹಲಗೆಗಳ ತೂಕ ಇಳಿಸಿತು, ಬೆಲೆ ಮಾತ್ರ ಅಷ್ಟೇ. ಅಷ್ಟು ಕಾಲ ಕಾಪಾಡಿಕೊಂಡು ಬಂದ ಮರ್ಯಾದೆ ಅಲ್ಲಿಗೆ ಮುಗಿಯಿತು. ಎಲ್ಲರಿಗೂ ಈಗ ಹಳೆಯ ಭಾರದ ಹಲಗೆಯೇ ಬೇಕು. ಬ್ಯಾಂಕಿನ ಮುಂದೆ ಸಾಲು. ನಿನ್ನೆವರೆಗೆ ಹೊರಲಾರೆವು ಅಂದವರೇ ಇಂದು ಹೊತ್ತುಕೊಂಡು ಹೋಗಲು ಬಂದರು. ಒಳಗೆ ಹಲಗೆ ಇರಬೇಕಲ್ಲ! ಅದಕ್ಕೇ 1661ರಲ್ಲಿ ಪಾಲ್ಮ್‌ಸ್ಟ್ರುಕ್ ಚೀಟಿ ಅಚ್ಚು ಹಾಕಿಸಿದ. ಇದನ್ನು ತಂದವರಿಗೆ ಇಷ್ಟು ದಾಲರ್ ಕೊಡುತ್ತೇವೆ ಅಂತ. ಯುರೋಪಿನ ಮೊದಲ ಬ್ಯಾಂಕ್ ನೋಟು ಹುಟ್ಟಿದ್ದು ಹೀಗೆ, ಕೈಯಲ್ಲಿ ಇಲ್ಲದ್ದನ್ನು ಕೊಡುತ್ತೇವೆ ಎಂದು ಬರೆದು.

ಚೀಟಿ ಹಗುರ, ಜನಕ್ಕೆ ಖುಷಿ. ಅಚ್ಚು ಹಾಕುವುದು ಸುಲಭ, ಬ್ಯಾಂಕಿಗೆ ಇನ್ನೂ ಖುಷಿ. ಎರಡೇ ವರ್ಷದಲ್ಲಿ ಚೀಟಿ ಜಾಸ್ತಿಯಾಗಿ ನಂಬಿಕೆ ಕರಗಿತು, ಕೊನೆಗೆ ಬ್ಯಾಂಕು ಮುಳುಗಿತು. 1668ರಲ್ಲಿ ಪಾಲ್ಮ್‌ಸ್ಟ್ರುಕ್‌ಗೆ ಮರಣದಂಡನೆ ವಿಧಿಸಿ, ಆಮೇಲೆ ಜೈಲಿಗೆ ಇಳಿಸಿದರು. ಅದೇ ವರ್ಷ ಆ ದಿವಾಳಿಯ ಅವಶೇಷದ ಮೇಲೆ ಸಂಸತ್ತು ಹೊಸ ಬ್ಯಾಂಕ್ ಕಟ್ಟಿತು. ಇಂದಿನ ರಿಕ್ಸ್‌ಬ್ಯಾಂಕ್ ಅದೇ, ಜಗತ್ತಿನ ಅತಿ ಹಳೆಯ ಕೇಂದ್ರೀಯ ಬ್ಯಾಂಕು. ಸಂಸತ್ತಿನ ನಾಲ್ಕು ವರ್ಗಗಳಲ್ಲಿ (ಕುಲೀನರು, ಪಾದ್ರಿಗಳು, ಪಟ್ಟಣಿಗರು, ರೈತರು) ರೈತರು ಮಾತ್ರ ಇದರಲ್ಲಿ ಸೇರಲಿಲ್ಲ. ಬೆನ್ನು ನೋವು ಯಾರಿಗಿತ್ತೋ ಬುದ್ಧಿಯೂ ಅವರಿಗೇ ಇತ್ತು. ಈ ಬ್ಯಾಂಕು ತನ್ನ ಮುನ್ನೂರನೇ ಹುಟ್ಟುಹಬ್ಬಕ್ಕೆ, 1968ರಲ್ಲಿ, ನೊಬೆಲ್ ಹೆಸರಿನಲ್ಲಿ ಅರ್ಥಶಾಸ್ತ್ರಕ್ಕೊಂದು ಬಹುಮಾನ ಇಟ್ಟಿತು. ದಿವಾಳಿಯ ಅನುಭವ ಇದ್ದವರೇ ಬಹುಮಾನ ಕೊಡಬೇಕು ಬಿಡಿ.

ಭಾರ ಆಯಿತು, ಕಾಗದ ಆಯಿತು. ಮೂರನೇ ಪ್ರಯೋಗ ರಾಜ ಹನ್ನೆರಡನೇ ಕಾರ್ಲ್‌ನದು. ಯುದ್ಧದ ಹುಚ್ಚು ಬಹಳ, ಹಣ ಕಡಿಮೆ. ಅವನ ನೆಚ್ಚಿನ ಸಲಹೆಗಾರ ಗೋರ್ಟ್ಸ್‌ನ ಕಾರುಬಾರಿನಲ್ಲಿ 1715ರಿಂದ ಸಣ್ಣ ತಾಮ್ರದ ಬಿಲ್ಲೆಗಳು ಬಂದವು. ಮೇಲೆ ಬರೆದದ್ದು ಒಂದು ಬೆಳ್ಳಿ ದಾಲರ್. ಒಳಗಿದ್ದದ್ದು ಕೆಲವು ಗ್ರಾಂ ತಾಮ್ರ. ಒಂದು ಕಾಲಕ್ಕೆ ಹಲಗೆ ಹೊತ್ತ ಜನರಿಗೆ ಈಗ ಗುಂಡಿಯಷ್ಟು ದುಡ್ಡು! ಜನ ನಂಬದಿದ್ದಾಗ ಬಿಲ್ಲೆಯ ಮೇಲೆ ದೇವತೆಗಳನ್ನು ಕೂರಿಸಿದರು. ಗುರು, ಮಂಗಳ, ಸೂರ್ಯ, ಜೊತೆಗೆ ಶನಿ ಕೂಡ. ಅದೂ ತನ್ನ ಮಗುವನ್ನೇ ತಿನ್ನುತ್ತಿರುವ ಶನಿ. ಖಜಾನೆಯವರು ಅಷ್ಟು ನಿಜ ಹೇಳಿದ್ದು ಅದೊಂದೇ ಸಲ ಇರಬೇಕು. 1718ರ ಕೊನೆಗೆ ರಾಜ ನಾರ್ವೆಯ ಕೋಟೆಯೆದುರು ಗುಂಡೇಟಿಗೆ ಸತ್ತ. ಕೆಲವೇ ತಿಂಗಳಲ್ಲಿ ಗೋರ್ಟ್ಸ್‌ನ ತಲೆ ಕಡಿದರು. ಬಿಲ್ಲೆಗಳ ಬೆಲೆಯನ್ನೂ ಅರ್ಧಕ್ಕೆ ಕಡಿದರು. ಯಾರ ಮನೆಯಲ್ಲಿ ಬಿಲ್ಲೆ ಇತ್ತೋ ಅವರಿಗೆ ಶನಿ ಕಾಟ.

ಹಲಗೆಗಳ ಕಥೆ 1776ರವರೆಗೆ ನಡೆಯಿತು. ಕೊನೆಗೆ ಒಂದಿಷ್ಟು ಹಲಗೆಗಳು ಬರೀ ತಾಮ್ರವಾಗಿ ಡೆನ್ಮಾರ್ಕಿನ ಹಡಗು ಹತ್ತಿ ಹೊರಟದ್ದು ಎಲ್ಲಿಗೆ ಅಂತೀರಿ? ಇಂಡಿಯಾಕ್ಕೆ! ‘ನಿಕೋಬಾರ್’ ಅನ್ನುವ ಆ ಹಡಗು 1783ರಲ್ಲಿ ದಕ್ಷಿಣ ಆಫ್ರಿಕಾದ ತೀರದಲ್ಲಿ ಒಡೆಯಿತು. ತಾಮ್ರ ಊರಲ್ಲೇ ಉಳಿಯಬೇಕೆಂದು ಹುಟ್ಟಿದ ದುಡ್ಡು ಇನ್ನೊಂದು ಖಂಡದ ಸಮುದ್ರದ ತಳ ಸೇರಿತು. ಎರಡು ಶತಮಾನ ಕಳೆದ ಮೇಲೆ ಮುಳುಗುಗಾರರು ಅವನ್ನು ಮೇಲೆತ್ತಿದರು. ಈಗ ಸಂಗ್ರಹಕಾರರು ಒಳ್ಳೆಯ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಇಂದಿನ ಸ್ವೀಡನ್ನಿನಲ್ಲಿ ದುಡ್ಡಿಗೆ ತೂಕವೇ ಇಲ್ಲ. ಎಲ್ಲ ಫೋನಿನಲ್ಲಿ, ಕಾರ್ಡಿನಲ್ಲಿ. ನಗದು ತಗೊಳ್ಳುವುದಿಲ್ಲ ಎಂದು ಎಷ್ಟೋ ಅಂಗಡಿಗಳು ಬಾಗಿಲಿಗೇ ಬೋರ್ಡು ಹಾಕಿವೆ. 2024ರ ನವೆಂಬರಿನಲ್ಲಿ ಸರ್ಕಾರ ಮನೆಮನೆಗೆ ಒಂದು ಪುಸ್ತಿಕೆ ಕಳುಹಿಸಿತು. ಯುದ್ಧವೋ ಸಂಕಟವೋ ಬಂದರೆ ಏನು ಮಾಡಬೇಕು ಅಂತ. ಕುಡಿಯುವ ನೀರು ಇಟ್ಟುಕೊಳ್ಳಿ, ಊಟದ ಸಾಮಾನು ಇಟ್ಟುಕೊಳ್ಳಿ, ಜೊತೆಗೆ ಕನಿಷ್ಠ ಒಂದು ವಾರಕ್ಕೆ ಸಾಕಾಗುವಷ್ಟು ನಗದೂ ಇರಲಿ, ಬೇರೆ ಬೇರೆ ಮುಖಬೆಲೆಯ ನೋಟುಗಳಾದರೆ ಒಳ್ಳೆಯದು. ಸರಿ, ಇಟ್ಟುಕೊಳ್ಳೋಣ. ಬೋರ್ಡು ಹಾಕಿದ ಅಂಗಡಿಯವನಿಗೂ ಆ ಪುಸ್ತಿಕೆ ತಲುಪಿದೆಯಾ, ಅವನು ಓದಿದ್ದಾನಾ ಅಂತ ಮೊದಲು ಯಾರಾದರೂ ಕೇಳಿ ಬನ್ನಿ.